ಜೇನಿನ ಶೀಶೆಯ ಮೇಲಿನ ಮಾತು

ಗುಂಡ್ಲುಪೇಟೆಯಿಂದ ಬಂಡೀಪುರವನ್ನು ದಾಟಿ ತೆಪ್ಪಕಾಡಿಗೆ ಬಂದರೆ ದಾರಿ ಎರಡಾಗುತ್ತದೆ. ಒಂದು ಗೂಡಲೂರಿನತ್ತ ಹೋಗುತ್ತದೆ; ಇನ್ನೊಂದು ಮಸಿನಗುಡಿಯನ್ನು ಹಾದು, ಕಲ್ಲಟ್ಟಿಯ ಕಡಿದಾದ ತಿರುವುಗಳನ್ನೇರಿ ಉದಕಮಂಡಲವನ್ನು ಸೇರುತ್ತದೆ. ಈ ದಾರಿಯಲ್ಲಿ ಹೋಗಿಬಂದ ಮೈಸೂರು ಸೀಮೆಯ ಮನೆಗಳಿಗೆ ಕೆಲವು ಸರಕುಗಳು ತಪ್ಪದೆ ಬರುತ್ತವೆ: ನೀಲಗಿರಿ ಎಣ್ಣೆ, ಚಹಾಪುಡಿ, ವರ್ಕಿ, ಜೇನುತುಪ್ಪ. ಜೇನಿನ ಶೀಶೆಯನ್ನು ಕೈಗೆ ಕೊಡುವಾಗ ಅಂಗಡಿಯವನು ‘ಇದು ಕಾಡಿನದೇ’ ಎಂದು ಒಂದು ಮಾತು ಹೇಳುತ್ತಾನೆ. ಕೊಳ್ಳುವವನಿಗೆ ಆ ಮಾತು ಮತ್ತು ಆಡಿದವನ ಮುಖ, ಇವೆರಡೇ ಆಧಾರ.

ಅದೇ ಶೀಶೆ ಇಂದು ಫೋನಿನ ಪರದೆಯ ಮೇಲೆ ದೊರೆಯುತ್ತದೆ. ಅಲ್ಲಿ ಅಂಗಡಿಯವನ ಮುಖವಿಲ್ಲ. ಅವನ ಒಂದು ಮಾತಿನ ಜಾಗದಲ್ಲಿ ಒಂದು ಪುಟದಷ್ಟು ಬರಹವಿದೆ. ಹೆಜ್ಜೇನು ಕಟ್ಟುವ ಬಂಡೆ, ಹಗ್ಗದ ಏಣಿಯಲ್ಲಿ ಇಳಿಯುವ ಕುರುಂಬ, ಹೊಗೆ, ರಾತ್ರಿ, ಹಾಡು, ಎಲ್ಲವೂ ಅಲ್ಲಿವೆ. ಕೆಳಗೆ ಈಗಾಗಲೇ ಕೊಂಡವರ ಅಭಿಪ್ರಾಯಗಳು, ಅವರು ಕೊಟ್ಟ ನಕ್ಷತ್ರಗಳು, ಜೇನು ಬಳಸಿ ಮಾಡಿದ ಅಡುಗೆಯ ಚಿತ್ರಗಳು ಇವೆ. ಅದರ ಪಕ್ಕದಲ್ಲಿ ಬೆಲೆ. ಬರಹ, ಬಳಗ, ಬೇಹಾರ, ಈ ಮೂರನ್ನೂ ಒಂದೇ ಪುಟದಲ್ಲಿ ಹೆಣೆಯುವುದು ಇಂದಿನ ಆನ್‌ಲೈನ್ ಮಾರಾಟದ ಮುಖ್ಯ ಉಪಾಯವಾಗಿದೆ.

ಇದರ ಕಾರಣ ಸರಳವಾದುದು. ಆನ್‌ಲೈನ್‌ನಲ್ಲಿ ಸರಕನ್ನು ಮುಟ್ಟಲಾಗದು, ಮೂಸಲಾಗದು. ಕೈಗೂ ಮೂಗಿಗೂ ಸಲ್ಲಬೇಕಾದ ಸಾಕ್ಷಿಯನ್ನು ಮಾತೇ ಒದಗಿಸಬೇಕು. ಜೊತೆಗೆ, ಗ್ರಾಹಕನನ್ನು ಜಾಹೀರಾತಿನಿಂದ ಪ್ರತಿಸಲವೂ ಹೊಸದಾಗಿ ಕರೆತರುವುದು ಮಾರುವವನಿಗೆ ದುಬಾರಿ. ಓದಲು ಏನಾದರೂ ಇದ್ದರೆ ಆತ ತಾನಾಗಿಯೇ ಬರುತ್ತಾನೆ, ತನ್ನಂಥವರು ಅಲ್ಲಿದ್ದರೆ ಉಳಿಯುತ್ತಾನೆ, ಉಳಿದರೆ ಕೊಳ್ಳುತ್ತಾನೆ. 1995ರಲ್ಲಿ ಪುಸ್ತಕದಂಗಡಿಯಾಗಿ ವ್ಯಾಪಾರ ತೆರೆದ ಅಮೆಜಾನ್ ಮೊದಲ ವರ್ಷಗಳಲ್ಲಿಯೇ ಓದುಗರ ವಿಮರ್ಶೆಗಳಿಗೆ ತನ್ನ ಪುಟದಲ್ಲಿ ಜಾಗ ಕೊಟ್ಟಿತು. ಕೆಟ್ಟದಾಗಿದೆ ಎಂಬ ವಿಮರ್ಶೆಯನ್ನು ಅಂಗಡಿಯೇ ಏಕೆ ತೋರಿಸಬೇಕೆಂದು ಆಗ ಪ್ರಕಾಶಕರು ಬೆರಗಾಗಿರಬಹುದು. ಆದರೆ ನಂಬಿಕೆ ಹುಟ್ಟುವುದು ಅಲ್ಲಿಂದಲೇ ಎಂಬುದನ್ನು ಇಂದು ಚಿಕ್ಕ ಅಂಗಡಿಯೂ ಬಲ್ಲದು.

ಕನ್ನಡವನ್ನು ಐಚ್ಛಿಕವಾಗಿ ಓದುವ ವಿದ್ಯಾರ್ಥಿಗೆ ಇದು ವಾಣಿಜ್ಯ ವಿಭಾಗದ ವಿಷಯವೆಂದು ತೋರಬಹುದು. ಹಾಗಲ್ಲ. ಇಲ್ಲಿ ಮಾರಾಟದ ಮುಂದಾಳು ಬರಹವೇ. ಜೇನಿನ ಶೀಶೆಯ ಮೇಲಿನ ನಾಲ್ಕು ವಾಕ್ಯಗಳನ್ನು ಯಾರೋ ಬರೆಯುತ್ತಾರೆ, ಮತ್ತಾರದೋ ಬದುಕನ್ನು ಕುರಿತು ಬರೆಯುತ್ತಾರೆ, ಇನ್ನಾರೋ ಅದನ್ನು ನಂಬಿ ಹಣ ಕೊಡುತ್ತಾರೆ. ಆ ವಾಕ್ಯಗಳಿಗೆ ಹೊಣೆ ಯಾರು ಎಂಬ ಪ್ರಶ್ನೆ ಭಾಷೆಯ ಪ್ರಶ್ನೆಯೂ ನೀತಿಯ ಪ್ರಶ್ನೆಯೂ ಆಗಿದೆ. ಅದನ್ನು ಪರೀಕ್ಷಿಸಲು ನೀಲಗಿರಿಗಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ.

ಭಾಷಾವಿಜ್ಞಾನದ ಪಠ್ಯದಲ್ಲಿ ದಕ್ಷಿಣ ದ್ರಾವಿಡ ಭಾಷೆಗಳ ಪಟ್ಟಿಯನ್ನು ಓದುವಾಗ ತೊದ, ಕೋತ, ಬಡಗ, ಇರುಳ, ಕುರುಂಬ ಎಂಬ ಹೆಸರುಗಳು ಒಂದರ ಹಿಂದೊಂದು ಬರುತ್ತವೆ. ಪರೀಕ್ಷೆಗೆಂದು ಬಾಯಿಪಾಠವಾಗುವ ಈ ಹೆಸರುಗಳು ಒಂದೇ ಬೆಟ್ಟದ ಮೇಲೆ ನೂರಾರು ವರ್ಷ ಕೊಡುಕೊಳ್ಳುತ್ತ ಬಾಳಿದ ನೆರೆಹೊರೆಯ ಹೆಸರುಗಳೂ ಹೌದು. ತೊದವರು ಎಮ್ಮೆ ಸಾಕಿ ತುಪ್ಪ ಕೊಡುತ್ತಿದ್ದರು. ಕೋತರು ಕಬ್ಬಿಣದ ಸಲಕರಣೆ, ಮಡಕೆ ಮಾಡಿಕೊಡುತ್ತಿದ್ದರು. ಇತರರ ಶವಸಂಸ್ಕಾರಕ್ಕೆ ಅವರ ವಾದ್ಯ ಬೇಕೇ ಬೇಕಿತ್ತು. ಮೈಸೂರು ಸೀಮೆಯಿಂದ ಬೆಟ್ಟವೇರಿ ಬಂದ ಬಡಗರು ಧಾನ್ಯ ಕೊಡುತ್ತಿದ್ದರು. ಬಡಗು ಎಂದರೆ ಉತ್ತರ ದಿಕ್ಕು ಎಂಬುದನ್ನು ಹಳಗನ್ನಡ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕುರುಂಬರು ಕಾಡಿನಿಂದ ಜೇನು, ಬಿದಿರು, ಮೂಲಿಕೆ ತರುತ್ತಿದ್ದರು. ಅವರ ಮಂತ್ರದ ಕಾವಲು ಬಡಗರ ಹಟ್ಟಿಗಳಿಗೆ ಅಗತ್ಯವಾಗಿತ್ತು.

ಈ ವಿನಿಮಯದಲ್ಲಿ ಹಣಕ್ಕೆ ಹೆಚ್ಚಿನ ಕೆಲಸವಿರಲಿಲ್ಲ. ಒಂದು ಮನೆಗೆ ಇನ್ನೊಂದು ಮನೆ ಗೊತ್ತಾಗಿತ್ತು. ಕೋತನು ಯಾವ ಬಡಗನ ಮನೆಗೆ ಕುಡುಗೋಲು ಮಾಡಿಕೊಟ್ಟನೋ ಆ ಮನೆಯ ಸಾವಿಗೆ ವಾದ್ಯವನ್ನೂ ಒದಗಿಸುತ್ತಿದ್ದನು. ಅಮೆರಿಕದ ಮಾನವಶಾಸ್ತ್ರಜ್ಞ ಡೇವಿಡ್ ಮ್ಯಾಂಡೆಲ್‌ಬಾಮ್ 1930ರ ದಶಕದಲ್ಲಿ ಕೋತರ ನಡುವೆ ಅಧ್ಯಯನ ಮಾಡಿದಾಗ ಈ ವ್ಯವಸ್ಥೆ ಸಡಿಲಗೊಳ್ಳತೊಡಗಿತ್ತು. ಇದನ್ನು ಸುವರ್ಣಯುಗವೆಂದು ಹಾಡಬೇಕಾದುದೂ ಇಲ್ಲ. ಕೋತರನ್ನು ನೆರೆಯವರು ಕೀಳೆಂದು ಕಾಣುತ್ತಿದ್ದರು. ಮಾಟದ ಶಂಕೆಯಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಕುರುಂಬರ ಕೊಲೆಗಳೂ ನಡೆದವು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಅಲ್ಲಿ ಬಳಗವೆಂದರೆ ಕೊಳ್ಳುವವರು ಮಾತ್ರವಲ್ಲ. ಮಾಡುವವನೂ ಕೊಳ್ಳುವವನೂ ಅದೇ ಬಳಗದೊಳಗಿದ್ದರು. ಸರಕು ಕೆಟ್ಟರೆ ದೂರು ಮುಖಾಮುಖಿಯಾಗಿಯೇ ಬರುತ್ತಿತ್ತು.

ಹಳೆಯ ವಿನಿಮಯ ಹೋಗಿ ಹಣದ ಪೇಟೆ ಬಂದ ಮೇಲೆ ಹೆಸರಿನ ವ್ಯಾಪಾರವೂ ಬೆಳೆಯಿತು. ಅದರ ಶಕ್ತಿಗೆ ನೀಲಗಿರಿ ಎಣ್ಣೆಯೇ ದೊಡ್ಡ ನಿದರ್ಶನ. ಆ ಎಣ್ಣೆ ಕೊಡುವ ಮರ ಆಸ್ಟ್ರೇಲಿಯದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ತಂದು ನೆಟ್ಟದ್ದು. ಇಂದು ಕನ್ನಡದಲ್ಲಿ ಆ ಮರದ ಹೆಸರೇ ನೀಲಗಿರಿ. ಕೋಲಾರದ ಬಯಲಿನಲ್ಲಿ ಬೆಳೆದರೂ ಅದು ನೀಲಗಿರಿಯೇ. ಬೆಟ್ಟದ ಸ್ವಂತ ಶೋಲಾ ಕಾಡಿನ ಮರಗಳ ಹೆಸರು ಬಯಲಿನವರಿಗೆ ಗೊತ್ತಿಲ್ಲ. ಅವುಗಳ ಹುಲ್ಲುಗಾವಲನ್ನು ಆಕ್ರಮಿಸಿದ ಪರದೇಶದ ಮರವೇ ಬೆಟ್ಟದ ಹೆಸರನ್ನು ಹೊತ್ತು ನಿಂತಿದೆ. ಸರಕಿನೊಂದಿಗೆ ಸಾಗುವ ಮಾತು ಒಂದು ಊರಿನ ನೆನಪನ್ನೇ ಪಲ್ಲಟಗೊಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬೆಟ್ಟದ ಜನರ ಕಥೆಯನ್ನು ಇತರರು ಹೇಳುವುದೂ ಹೊಸತಲ್ಲ. ತೊದವರ ಹೆಸರು ಕನ್ನಡದಲ್ಲಿ ಬಹಳ ಹಿಂದೆಯೇ ಕಲ್ಲಿನ ಮೇಲೆ ಮೂಡಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೊದವರನ್ನು ಬೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡನೆಂದು 1117ರ ಚಾಮರಾಜನಗರದ ಶಾಸನ ಹೇಳುತ್ತದೆ. ಅಲ್ಲಿ ತೊದವರು ಬೆದರಿದವರು ಮಾತ್ರ, ಅವರ ಮಾತಿಲ್ಲ. ಏಳೆಂಟು ಶತಮಾನಗಳ ಮೇಲೆ ಇಂಗ್ಲೆಂಡಿನ ರಿವರ್ಸ್ ಬಂದು 1906ರಲ್ಲಿ ತೊದವರನ್ನು ಕುರಿತ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಆಮೇಲೆ ಬಂದ ಎಮಿನೊ 1930ರ ದಶಕದಲ್ಲಿ ಬೆಟ್ಟದಲ್ಲಿದ್ದು ಭಾಷೆಯನ್ನು ಕಲಿತು, ತೊದವರು ತಾವೇ ಹಾಡುವ ಹಾಡುಗಳನ್ನು ಬರೆದುಕೊಂಡರು; 1971ರಲ್ಲಿ ಅವು ಪುಸ್ತಕವಾದವು. ಶಾಸನದಿಂದ ಹಾಡಿನ ಸಂಗ್ರಹದವರೆಗಿನ ದಾರಿಯು ತೊದವರ ಬಗೆಗಿನ ಮಾತಿನಿಂದ ತೊದವರ ಮಾತಿನವರೆಗಿನ ದಾರಿ. ಅಂಗಡಿಯ ಪುಟ ಈ ದಾರಿಯಲ್ಲಿ ಮುಂದಕ್ಕೆ ಹೋಗುತ್ತಿದೆಯೋ ಹಿಂದಕ್ಕೆ ಮರಳುತ್ತಿದೆಯೋ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ತೊದ ಹೆಂಗಸರ ಕಸೂತಿಯನ್ನು ನೋಡಬಹುದು. ಬಿಳಿಯ ಒರಟು ಹತ್ತಿಬಟ್ಟೆಯ ಮೇಲೆ ಕೆಂಪು, ಕಪ್ಪು ದಾರಗಳಿಂದ ಅವರು ಹೆಣೆಯುವ ಈ ಕೆಲಸಕ್ಕೆ ಅವರ ಮಾತಿನಲ್ಲಿ ಪುಖೂರ್ ಎಂದು ಹೆಸರು. ಧಾರವಾಡ ಸೀಮೆಯ ಕಸೂತಿಯ ಹಾಗೆಯೇ ಇಲ್ಲಿಯೂ ಬಟ್ಟೆಯ ಮೇಲೆ ಮೊದಲು ಗೆರೆ ಎಳೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಹೊಲಿಯಬೇಕು. ಹೀಗೆ ಹೆಣೆದ ಹೊದಿಕೆಯೇ ಪುಟ್ಕುಳಿ. ಅದನ್ನು ಬಾಳಿನಲ್ಲಿ ಹೊದೆಯುತ್ತಾರೆ, ಸತ್ತವರಿಗೂ ಹೊದಿಸುತ್ತಾರೆ. ಈ ಕಸೂತಿಗೆ 2013ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ತೊದ ನಲವಾಳ್ವು ಸಂಘ, ಕೋಟಗಿರಿಯ ಕೀಸ್ಟೋನ್ ಫೌಂಡೇಶನ್, ತಮಿಳುನಾಡು ಸರ್ಕಾರದ ಪೂಂಪುಹಾರ್ ಸೇರಿ ಅದಕ್ಕಾಗಿ ಅರ್ಜಿ ಹಾಕಿದ್ದವು.

ಈ ಮಾನ್ಯತೆಯಿಂದ ‘ತೊದ ಕಸೂತಿ’ ಎಂಬ ಹೆಸರಿಗೆ ಕಾನೂನಿನ ಬೇಲಿ ದೊರೆಯಿತು. ಆದರೆ ಭಾಷೆಗೆ ಬೇಲಿ ಹಾರುವ ಜಾಣತನವಿದೆ. ಯಂತ್ರದಲ್ಲಿ ಅಚ್ಚೊತ್ತಿದ ಕೆಂಪು-ಕಪ್ಪು ಪಟ್ಟೆಯ ಶಾಲಿಗೆ ‘ತೊದ ಶೈಲಿ’ ಎಂದೋ ‘ತೊದ ಸ್ಫೂರ್ತಿಯ’ ಎಂದೋ ಹೆಸರಿಟ್ಟರೆ ಸಾಕು. ಅದರ ಕೆಳಗೆ ಮುಂದು, ಎಮ್ಮೆ, ಹುಲ್ಲುಗಾವಲುಗಳ ನಿಜವಾದ ಕಥೆಯನ್ನೇ ಹಾಕಬಹುದು. ಬರಹದ ಪ್ರತಿವಾಕ್ಯವೂ ಸತ್ಯವಾಗಿದ್ದು ಇಡೀ ಪುಟ ಸುಳ್ಳಾಗಲು ‘ಶೈಲಿ’ ಎಂಬ ಒಂದು ಪದ ಸಾಕಾಗುತ್ತದೆ. ಕಾವ್ಯಮೀಮಾಂಸೆಯಲ್ಲಿ ಶೈಲಿ, ರೀತಿ, ಮಾರ್ಗಗಳ ಭೇದವನ್ನು ಓದುವ ವಿದ್ಯಾರ್ಥಿಗಳು ಆ ಪದಕ್ಕೆ ಪೇಟೆಯಲ್ಲಿ ದೊರೆತಿರುವ ಈ ಉದ್ಯೋಗವನ್ನೂ ತಿಳಿದಿರಬೇಕು.

ಇದನ್ನು ಕೊಂಡವರ ಅಭಿಪ್ರಾಯಗಳು ಬಯಲು ಮಾಡುವುದಿಲ್ಲವೇ ಎಂದು ಕೇಳಬಹುದು. ಆ ಅಭಿಪ್ರಾಯಗಳನ್ನು ಓದಿದರೆ ಉತ್ತರ ಸಿಗುತ್ತದೆ. ಪೊಟ್ಟಣ ಬೇಗ ಬಂತು, ಬಣ್ಣ ಚೆನ್ನಾಗಿದೆ, ಶೀಶೆಯ ಮುಚ್ಚಳ ಸಡಿಲವಾಗಿತ್ತು, ಇವು ಅಲ್ಲಿನ ಸಾಮಾನ್ಯ ವಿಷಯಗಳು. ಕೊಂಡವನು ತನಗೆ ತಿಳಿದುದನ್ನೇ ಹೇಳಬಲ್ಲನು. ಎಳೆ ಎಣಿಸಿದ ಕೈ ಯಾವುದೆಂಬುದು ಅವನಿಗೆ ತಿಳಿಯದು. ಆ ಅಭಿಪ್ರಾಯಗಳೂ ಖರೀದಿಯ ಸರಕಾದಾಗ ಕಾನೂನು ಎಚ್ಚೆತ್ತಿದೆ. ಮಾರುವವನು ಗ್ರಾಹಕನ ವೇಷ ಧರಿಸಿ ವಿಮರ್ಶೆ ಬರೆಯಕೂಡದೆಂದು 2020ರ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳು ವಿಧಿಸಿವೆ. 2022ರಲ್ಲಿ ಭಾರತೀಯ ಮಾನಕ ಸಂಸ್ಥೆ ಆನ್‌ಲೈನ್ ವಿಮರ್ಶೆಗಳಿಗೆಂದೇ ಒಂದು ಮಾನಕವನ್ನು ಹೊರಡಿಸಿತು. ಇವು ಒಳ್ಳೆಯ ಕ್ರಮಗಳು. ಆದರೆ ಇವೆಲ್ಲವೂ ಕೊಳ್ಳುವವನ ರಕ್ಷಣೆಗೆ ಇರುವಂಥವು. ಕಥೆಯೊಳಗೆ ಪಾತ್ರವಾಗಿ ನಿಂತವನಿಗೆ, ‘ಇದು ನನ್ನ ಕಥೆಯಲ್ಲ’ ಎಂದು ಹೇಳಲು ಆ ಪುಟದಲ್ಲಿ ಜಾಗವಿಲ್ಲ.

ಹಾಗೆಂದು ಕಥೆ ಹೇಳಿ ಮಾರುವುದನ್ನೇ ತಪ್ಪೆನ್ನುವುದು ಅನ್ಯಾಯವಾಗುತ್ತದೆ. ಕಥೆಯಿಲ್ಲದ ಸರಕಿನ ಗತಿ ಏನೆಂಬುದು ನೀಲಗಿರಿಯ ಚಹಾದಲ್ಲಿ ಕಾಣುತ್ತದೆ. ಸಣ್ಣ ಬೆಳೆಗಾರರ, ಅವರಲ್ಲಿಯೂ ಬಹುಮಟ್ಟಿಗೆ ಬಡಗರ, ತೋಟದ ಎಲೆ ಕಾರ್ಖಾನೆಯಲ್ಲಿ ಒಂದಾಗಿ ಕಲೆತು ಹೆಸರಿಲ್ಲದ ಪುಡಿಯಾಗುತ್ತದೆ. ಅದರ ಬೆಲೆಯನ್ನು ಬೇರೆಯವರು ಕಟ್ಟುತ್ತಾರೆ. ಹಸಿರೆಲೆಗೆ ನ್ಯಾಯವಾದ ಬೆಲೆ ಬೇಕೆಂದು ಆ ಬೆಳೆಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಜೇನು ಕೀಳುವವನ ಶ್ರಮ, ಬಂಡೆಯ ಎತ್ತರ, ಹಗ್ಗ ಹಿಡಿಯುವ ಕೆಲಸವನ್ನು ಹೆಂಡತಿಯ ಸೋದರನಿಗೆ ಒಪ್ಪಿಸುವ ಪದ್ಧತಿಯ ಹಿಂದಿನ ವಿವೇಕ, ಇವನ್ನು ತಿಳಿದ ಗ್ರಾಹಕ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಅದು ಮೋಸವಲ್ಲ. ಆದ್ದರಿಂದ ಕೇಳಬೇಕಾದುದು ಕಥೆ ಇರಬೇಕೇ ಬೇಡವೇ ಎಂದಲ್ಲ. ಕಥೆಯ ಮೇಲೆ ಯಾರಿಗೆ ಅಧಿಕಾರ ಎಂದು.

ಈ ಪ್ರಶ್ನೆಗೆ ಒಂದು ಮಟ್ಟಿನ ಉತ್ತರ ಕೋಟಗಿರಿಯಲ್ಲಿಯೇ ಇದೆ. 1993ರಲ್ಲಿ ಆರಂಭವಾದ ಕೀಸ್ಟೋನ್ ಫೌಂಡೇಶನ್ ಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಜೇನು ಸಂಗ್ರಹಿಸುವವರ ಸಮೀಕ್ಷೆಯೂ ಒಂದು. 2010ರಲ್ಲಿ ಅದರ ಮಾರಾಟದ ಅಂಗ ಲಾಸ್ಟ್ ಫಾರೆಸ್ಟ್ ಎಂಬ ಪ್ರತ್ಯೇಕ ಉದ್ಯಮವಾಯಿತು. ಅದಕ್ಕೆ ಬೆಟ್ಟದಲ್ಲಿ ಅಂಗಡಿಗಳಿವೆ, ಆನ್‌ಲೈನ್ ಮಾರಾಟವೂ ಇದೆ. 2013ರಲ್ಲಿ ‘ಆದಿಮಲೈ’ ಎಂಬ ಆದಿವಾಸಿ ಉತ್ಪಾದಕರ ಕಂಪನಿ ನೋಂದಣಿಯಾಯಿತು. ಅದರ ಷೇರುದಾರರು ಜೇನು, ಮೇಣ, ಕಾಡಿನ ಫಲ ಮತ್ತು ಬೆಳೆಗಳನ್ನು ತರುವ ಆದಿವಾಸಿಗಳೇ. 2021ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆದಾಗ ಅದರ ಸದಸ್ಯರು ಸುಮಾರು 1,700, ಅವರ ಹಳ್ಳಿಗಳು 147. ಅದೇ ವರ್ಷ ಅದೇ ಪ್ರಶಸ್ತಿ ಪಡೆದ ಭಾರತದ ಇನ್ನೊಂದು ಸಂಸ್ಥೆ ಉತ್ತರ ಕನ್ನಡದ ಸ್ನೇಹಕುಂಜ ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ.

ಇಲ್ಲಿಯೂ ಬರಹವಿದೆ, ಬಳಗವಿದೆ, ಬೇಹಾರವಿದೆ. ವ್ಯತ್ಯಾಸವಿರುವುದು ಅವುಗಳ ಜೋಡಣೆಯಲ್ಲಿ. ಬಳಗವೆಂದರೆ ಇಲ್ಲಿ ಮೊದಲು ಮಾಡುವವರ ಬಳಗ. ಬೆಟ್ಟದ ಸುದ್ದಿಯನ್ನು ಬೆಟ್ಟದವರಿಗೇ ಹೇಳುವ ಪತ್ರಿಕೆಯೊಂದು ಕೋಟಗಿರಿಯಿಂದ ಹೊರಟಿದೆ. ಬೆಟ್ಟದ ಭಾಷೆಗಳಲ್ಲಿ ಮಾತನಾಡುವ ಸಮುದಾಯ ಬಾನುಲಿಯೂ ಅಲ್ಲಿದೆ. ಕಥೆ ದೂರದ ಗ್ರಾಹಕನಿಗೆ ತಲುಪುವ ಮುನ್ನ ತಮ್ಮೊಳಗೇ ಹರಿದಾಡುವ ಅವಕಾಶವಿದ್ದರೆ, ತಪ್ಪನ್ನು ತಿದ್ದುವ ಬಾಯಿಗಳೂ ಇರುತ್ತವೆ. ಷೇರು ಇರುವವನಿಗೆ ಸರಕಿನ ಮೇಲಷ್ಟೇ ಅಲ್ಲ, ಸರಕಿನ ಮಾತಿನ ಮೇಲೂ ಹಕ್ಕಿರುತ್ತದೆ. ಈ ವ್ಯವಸ್ಥೆ ದೋಷರಹಿತವೆಂದು ಹೇಳಬೇಕಿಲ್ಲ. ಇಂಗ್ಲಿಷಿನಲ್ಲಿ ಬರೆದ ಪುಟವನ್ನು ಜೇನು ಕಿತ್ತವನು ಓದಲಾರನೆಂಬ ಕೊರತೆ ಇಲ್ಲಿಯೂ ಉಳಿಯಬಹುದು. ಆದರೂ ಕಥೆಯ ಒಡೆಯರು ಕೈಗೆಟುಕುವ ದೂರದಲ್ಲಿದ್ದಾರೆ.

ಬರಹ, ಬಳಗ, ಬೇಹಾರಗಳು ಪರಸ್ಪರ ವೈರಿಗಳಲ್ಲವೆಂಬುದನ್ನು ತಿಳಿಯಲು ಕನ್ನಡ ವಿದ್ಯಾರ್ಥಿ ದೂರ ಹೋಗಬೇಕಾಗಿಯೂ ಇಲ್ಲ. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದ, ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಚಂದಾದಾರರ ಬಲದ ಮೇಲೆ ಕಟ್ಟಿದರು. ಅದರ ಅಟ್ಟ ಲೇಖಕರು ಕೂಡುವ, ವಾದಿಸುವ ಸ್ಥಳವಾಯಿತು. ಅಲ್ಲಿ ಪುಸ್ತಕ ಮಾರಾಟವೂ ಆಯಿತು, ಓದುಗರ ಬಳಗವೂ ಬೆಳೆಯಿತು, ಕನ್ನಡ ಸಾಹಿತ್ಯದ ದಿಕ್ಕೂ ಬದಲಾಯಿತು. ಈ ಮೂರೂ ಒಂದೆಡೆ ಸೇರಿದ್ದರಿಂದ ಸಾಹಿತ್ಯಕ್ಕೆ ಕೇಡಾಗಲಿಲ್ಲ. ಏಕೆಂದರೆ ಗಳಗನಾಥರು ಪುಸ್ತಕ ಕೊಟ್ಟ ಮನೆಯ ಬಾಗಿಲಿಗೆ ಮುಂದಿನ ಪುಸ್ತಕದೊಡನೆ ಮತ್ತೆ ಹೋಗಿ ನಿಲ್ಲಬೇಕಾಗಿತ್ತು. ಓದಿ ಬೇಸರಪಟ್ಟವನ ಮಾತನ್ನು ಅವರೇ ಕೇಳಬೇಕಾಗಿತ್ತು.

ಮುಂದಿನ ಕೆಲವು ವರ್ಷಗಳಲ್ಲಿ ಈ ವಿಭಾಗದಿಂದ ಹೊರಹೋಗುವ ವಿದ್ಯಾರ್ಥಿಗಳಲ್ಲಿ ಕೆಲವರು ಅಧ್ಯಾಪಕರಾಗುವರು, ಕೆಲವರು ಪತ್ರಿಕೆಗಳನ್ನು ಸೇರುವರು. ಇನ್ನು ಕೆಲವರಿಗೆ ಸರಕಿನ ಪುಟಗಳಿಗೆ ಕನ್ನಡ ಬರೆಯುವ, ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ದೊರೆಯುವುದು. ಆನ್‌ಲೈನ್ ಅಂಗಡಿಗಳು ಕನ್ನಡಕ್ಕೆ ಬರುತ್ತಿರುವ ಈ ಕಾಲದಲ್ಲಿ ಅದು ಗೌರವದ ಉದ್ಯೋಗವೇ ಸರಿ. ಆದರೆ ಆ ಮೇಜಿನ ಮುಂದೆ ಕುಳಿತಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಈ ಕಥೆಯ ಜನರಿಗೆ ಇದನ್ನು ಅವರ ಭಾಷೆಯಲ್ಲಿ ಓದಿ ಹೇಳಿದರೆ ಅವರು ಒಪ್ಪುವರೇ? ಇದರಿಂದ ಹೆಚ್ಚಾದ ಬೆಲೆಯಲ್ಲಿ ಅವರಿಗೆ ಪಾಲುಂಟೇ? ಅವರು ತಮ್ಮ ವಸ್ತುವಿಗೆ ಇಟ್ಟ ಹೆಸರು ಈ ಪುಟದಲ್ಲಿ ಉಳಿದಿದೆಯೇ? ಪುಖೂರ್ ಎಂಬ ಪದವನ್ನು ಬಿಟ್ಟು ‘ಬುಡಕಟ್ಟು ವಿನ್ಯಾಸ’ ಎಂದು ಬರೆಯುವವನು ಒಂದು ಪದವನ್ನು ಮಾತ್ರ ಬಿಟ್ಟಿರುವುದಿಲ್ಲ. ಎರಡು ಸಾವಿರ ಜನರೂ ಆಡದ ಒಂದು ಭಾಷೆಯನ್ನು ಅದು ತೋರಬಹುದಾಗಿದ್ದ ಕೆಲವೇ ಸ್ಥಳಗಳಲ್ಲೊಂದರಿಂದ ಅಳಿಸಿರುತ್ತಾನೆ.

ಬೇಹಾರ ಎಂಬ ಪದ ಸಂಸ್ಕೃತದ ವ್ಯವಹಾರದ ತದ್ಭವ. ಮೂಲದಲ್ಲಿ ಆ ಪದಕ್ಕೆ ಕೊಡುಕೊಳ್ಳುವಿಕೆ ಎಂಬ ಅರ್ಥವೂ ಇದೆ, ನ್ಯಾಯಸಭೆಯ ವಿವಾದ ಎಂಬ ಅರ್ಥವೂ ಇದೆ. ವ್ಯಾಪಾರವಿದ್ದಲ್ಲಿ ದೂರು ಕೇಳುವ ಸಭೆಯೂ ಇರಬೇಕೆಂಬ ತಿಳಿವಳಿಕೆ ಆ ಒಂದೇ ಪದದೊಳಗಿದೆ. ಜೇನಿನ ಪುಟದ ಕೆಳಗೆ ಕೊಂಡವನ ಮಾತಿಗೆ ಜಾಗ ಮಾಡಿದ ಅಂಗಡಿಗಳು ಬಂಡೆಯಿಂದ ಇಳಿದುಬಂದವನ ಮಾತಿಗೂ ಅಲ್ಲಿಯೇ ನಾಲ್ಕು ಸಾಲು ಬಿಡಬೇಕು. ಆ ನಾಲ್ಕು ಸಾಲನ್ನು ಅವನ ಬಾಯಿಂದ ಕೇಳಿ, ಅವನಿಗೆ ಓದಿ ತೋರಿಸಿ, ಅವನು ಹೌದೆಂದ ಮೇಲೆ ಬರೆಯುವ ಕೆಲಸವನ್ನು ಕನ್ನಡ ಓದಿದವರು ಚೆನ್ನಾಗಿ ಮಾಡಬಲ್ಲರು.